ಗುಹೆಯಾಳದಿಂದ ಗಾಯಾಳುವನ್ನು ಮೇಲೆ ತರುವುದು: ‘ಕೆಲಸ ಮತ್ತು ಶಕ್ತಿ’ ಘಟಕಕ್ಕೊಂದು ನೈಜ ಸನ್ನಿವೇಶ

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕದಲ್ಲಿ ಪ್ರಚ್ಛನ್ನ ಶಕ್ತಿಯ ಸೂತ್ರ ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ಉತ್ತರ ಸಿಕ್ಕಿತು. ಆದರೆ ಶಕ್ತಿ ಬೇರೆ, ಬಲ ಬೇರೆ ಎಂಬುದು ಅಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಈ ವ್ಯತ್ಯಾಸವನ್ನು ತೋರಿಸಲು ನಾನು ಆರಿಸಿಕೊಂಡದ್ದು ಪುಸ್ತಕದ ಲೆಕ್ಕವನ್ನಲ್ಲ, 2014ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಗುಹಾ ರಕ್ಷಣೆಯನ್ನು. ಒಂದೇ ಘಟನೆಯಿಂದ ಬಲ, ಶಕ್ತಿ, ಉಷ್ಣ, ತರಂಗ ಮತ್ತು ಸುಣ್ಣಕಲ್ಲಿನ ರಸಾಯನಶಾಸ್ತ್ರದವರೆಗೆ ಹೋಗಬಹುದು. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಅದರ ವಿಷಯಾಂಶವನ್ನೂ ತರಗತಿಯಲ್ಲಿ ಬಳಸಬಹುದಾದ ಕ್ರಮವನ್ನೂ ಇಲ್ಲಿ ವಿವರಿಸಿದ್ದೇನೆ.

ಘಟನೆ

ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ, ಆಸ್ಟ್ರಿಯಾದ ಗಡಿಗೆ ಹೊಂದಿಕೊಂಡಂತೆ ಉಂಟರ್ಸ್‌ಬರ್ಗ್ ಎಂಬ ಸುಣ್ಣಕಲ್ಲಿನ ಪರ್ವತವಿದೆ. ಅದರ ಒಡಲಲ್ಲಿರುವ ರೀಸೆಂಡಿಂಗ್ ಗುಹೆ 1,100 ಮೀಟರಿಗೂ ಹೆಚ್ಚು ಆಳ, 19 ಕಿಲೋಮೀಟರಿಗೂ ಹೆಚ್ಚು ಉದ್ದ. ಬಾಯಿ ದಾಟುತ್ತಿದ್ದಂತೆಯೇ ಬಾವಿಯಂಥ ಕಡಿದಾದ ಕೂಪಗಳು ಶುರುವಾಗುತ್ತವೆ. ಅಲ್ಲಿ ನಡೆದು ಇಳಿಯುವಂತಿಲ್ಲ, ಹಗ್ಗದಲ್ಲಿ ಜೋತುಬಿದ್ದೇ ಇಳಿಯಬೇಕು.

2014ರ ಜೂನ್ 8ರ ನಸುಕಿನಲ್ಲಿ ಮೂವರು ಅನ್ವೇಷಕರು ಸುಮಾರು 1,000 ಮೀಟರ್ ಆಳದಲ್ಲಿದ್ದಾಗ ಮೇಲಿನಿಂದ ಕಲ್ಲು ಉರುಳಿತು. 52 ವರ್ಷದ ಒಬ್ಬರಿಗೆ ತಲೆಗೆ ತೀವ್ರ ಪೆಟ್ಟಾಯಿತು. ಅವರು ಹೆಲ್ಮೆಟ್ ಧರಿಸಿದ್ದರು. ಒಬ್ಬ ಜೊತೆಗಾರ ಗಾಯಾಳುವಿನ ಬಳಿಯೇ ಉಳಿದರು. ಇನ್ನೊಬ್ಬರು ಸುಮಾರು 12 ಗಂಟೆ ಹತ್ತಿ ಹೊರಬಂದು ಸುದ್ದಿ ಮುಟ್ಟಿಸಿದರು. ಗಾಯಾಳು ಹೊರಜಗತ್ತಿನ ಬೆಳಕು ಕಂಡದ್ದು ಜೂನ್ 19ರಂದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿ ಮತ್ತು ಕ್ರೊಯೇಷಿಯಾ ದೇಶಗಳ 700ಕ್ಕೂ ಹೆಚ್ಚು ಮಂದಿ ಈ ಕಾರ್ಯದಲ್ಲಿ ಭಾಗವಹಿಸಿದರು. ಅವರಲ್ಲಿ ಸುಮಾರು 200 ಮಂದಿ ಗುಹೆಯೊಳಗೇ ಕೆಲಸ ಮಾಡಿದರು.

ಪೂರ್ವಜ್ಞಾನದಿಂದ ಹುಟ್ಟಿದ ಪ್ರಶ್ನೆ

ಇಷ್ಟು ಹೇಳಿದ ಕೂಡಲೇ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: “ಸರ್, ಪಕ್ಕದಲ್ಲಿ ಜೆಸಿಬಿಯಿಂದ ಗುಂಡಿ ತೋಡಬಹುದಿತ್ತಲ್ಲ?” ನಮ್ಮ ಮಕ್ಕಳ ಪೂರ್ವಜ್ಞಾನ ಕೊಳವೆಬಾವಿಯದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಪಕ್ಕದಲ್ಲಿ ಗುಂಡಿ ತೋಡಿ ಸುಮಾರು 20 ಗಂಟೆಗಳಲ್ಲಿ ಜೀವಂತವಾಗಿ ಹೊರತೆಗೆದದ್ದನ್ನು ಅವರು ಟಿವಿಯಲ್ಲಿ ನೋಡಿದ್ದಾರೆ. 2023ರಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಕ್ಕಿಬಿದ್ದಿದ್ದ 41 ಕಾರ್ಮಿಕರನ್ನು 17 ದಿನಗಳ ನಂತರ ಕೊಳವೆಯ ಮೂಲಕ ಹೊರತಂದದ್ದೂ ಕೆಲವರಿಗೆ ಗೊತ್ತಿತ್ತು.

ಈ ಪ್ರಶ್ನೆಯನ್ನು ಬದಿಗೆ ಸರಿಸಬಾರದು; ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ. ಆ ಎರಡೂ ಕಡೆ ದಾರಿ ಮುಚ್ಚಿತ್ತು ಅಥವಾ ದೊಡ್ಡವರು ಇಳಿಯಲಾಗದಷ್ಟು ಕಿರಿದಾಗಿತ್ತು. ಹಾಗಾಗಿ ಹೊಸ ದಾರಿ ಮಾಡುವುದು ಅನಿವಾರ್ಯವಾಯಿತು. ರೀಸೆಂಡಿಂಗ್‌ನಲ್ಲಿ ದಾರಿ ತೆರೆದೇ ಇತ್ತು. ಅದು ಉದ್ದವಾಗಿತ್ತು, ವಕ್ರವಾಗಿತ್ತು, ಕಡಿದಾಗಿತ್ತು. ಮೇಲಿನಿಂದ ಕೊರೆಯಲು ಹೊರಟರೆ ನೂರಾರು ಮೀಟರ್ ಗಟ್ಟಿ ಬಂಡೆಯನ್ನು ಭೇದಿಸಬೇಕು. ಆ ಕಂಪನಕ್ಕೆ ಒಳಗೆ ಇನ್ನಷ್ಟು ಕಲ್ಲು ಉರುಳಿದರೆ ಗಾಯಾಳುವಿನ ಜೊತೆಗೆ ರಕ್ಷಕರೂ ಅಪಾಯಕ್ಕೆ ಸಿಲುಕುತ್ತಾರೆ. ಇರುವ ದಾರಿಯಲ್ಲೇ ಹೊತ್ತು ತರಬೇಕೆಂಬುದು ಹೀಗೆ ತೀರ್ಮಾನವಾಗುತ್ತದೆ.

ಕಾಲು ಕೆಜಿ ಬೆಲ್ಲದ ಲೆಕ್ಕ

ಈಗ ಕಪ್ಪುಹಲಗೆಯ ಮೇಲೆ ಲೆಕ್ಕ. ಗಾಯಾಳು ಮತ್ತು ಸ್ಟ್ರೆಚರ್ ಸೇರಿ 100 ಕೆಜಿ ಎಂದಿಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷ 10, ಎತ್ತರ 1,000 ಮೀಟರ್. ಗುಣಿಸಿದರೆ 10 ಲಕ್ಷ ಜೂಲ್. ಮಕ್ಕಳು ‘ಅಬ್ಬಾ’ ಎನ್ನುತ್ತಾರೆ. ಆಗ ಅದನ್ನು ಆಹಾರದ ಅಳತೆಗೆ ತರಬೇಕು: 10 ಲಕ್ಷ ಜೂಲ್ ಎಂದರೆ ಸುಮಾರು 240 ಕಿಲೋ ಕ್ಯಾಲೊರಿ, ಅಂದರೆ 60–65 ಗ್ರಾಂ ಬೆಲ್ಲದಲ್ಲಿರುವಷ್ಟು ಶಕ್ತಿ. ನಮ್ಮ ದೇಹ ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಸ್ನಾಯುಗಳ ಕೆಲಸವಾಗಿ ಬದಲಾಯಿಸುತ್ತದೆ, ಉಳಿದದ್ದು ಉಷ್ಣವಾಗುತ್ತದೆ. ಅದನ್ನೂ ಸೇರಿಸಿದರೆ ಕಾಲು ಕೆಜಿ ಬೆಲ್ಲ ಸಾಕು.

ಕಾಲು ಕೆಜಿ ಬೆಲ್ಲದಷ್ಟು ಶಕ್ತಿಯ ಕೆಲಸಕ್ಕೆ 700 ಜನ, 11 ದಿನ ಏಕೆ ಬೇಕಾಯಿತು? ಪಾಠದ ಮುಖ್ಯ ಪ್ರಶ್ನೆ ಇದು. ಸೂತ್ರ ಸುಳ್ಳು ಹೇಳಿಲ್ಲ. ಆದರೆ ಅದು ಆರಂಭದ ಎತ್ತರ ಮತ್ತು ಕೊನೆಯ ಎತ್ತರ ಇವೆರಡನ್ನೇ ನೋಡುತ್ತದೆ; ನಡುವಿನ ದಾರಿಯನ್ನು ನೋಡುವುದಿಲ್ಲ. ರಕ್ಷಕರ ಕಷ್ಟವೆಲ್ಲ ಇದ್ದದ್ದು ಆ ನಡುವಿನ ದಾರಿಯಲ್ಲೇ.

ಬಾವಿಯ ರಾಟೆ ಮತ್ತು ಪ್ರತಿಭಾರ

100 ಕೆಜಿ ಭಾರವನ್ನು ನೇರ ಎತ್ತಲು ಸುಮಾರು 1,000 ನ್ಯೂಟನ್ ಬಲ ಬೇಕು. ಒಬ್ಬ ಮನುಷ್ಯ ಇಷ್ಟು ಬಲವನ್ನು ಗಂಟೆಗಟ್ಟಲೆ ಹಾಕಲಾರ. ಕೂಪದ ತುದಿಯಲ್ಲಿ ಹತ್ತು ಜನ ಸಾಲಾಗಿ ನಿಂತು ಎಳೆಯೋಣವೆಂದರೆ ನಿಲ್ಲಲು ಜಾಗವಿಲ್ಲ. ಯುರೋಪಿನ ಗುಹಾ ರಕ್ಷಕರು ಇಂಥಲ್ಲಿ ಪ್ರತಿಭಾರ ತಂತ್ರವನ್ನು ಬಳಸುತ್ತಾರೆ. ಕೂಪದ ಮೇಲ್ತುದಿಯಲ್ಲಿ ಬಂಡೆಗೆ ರಾಟೆಯನ್ನು ಬಿಗಿಯುತ್ತಾರೆ. ಹಗ್ಗದ ಒಂದು ತುದಿಗೆ ಸ್ಟ್ರೆಚರ್, ಇನ್ನೊಂದು ತುದಿಗೆ ಒಬ್ಬ ರಕ್ಷಕ. ಅವನು ಕೆಳಗಿಳಿದಂತೆ ಸ್ಟ್ರೆಚರ್ ಮೇಲೇರುತ್ತದೆ.

ರಕ್ಷಕನ ತೂಕ 70 ಕೆಜಿ ಎಂದುಕೊಂಡರೆ ಉಳಿಯುವ ವ್ಯತ್ಯಾಸ 30 ಕೆಜಿ. ಘರ್ಷಣೆಯನ್ನು ಬಿಟ್ಟರೆ 300 ನ್ಯೂಟನ್. ಇದನ್ನು ಇಬ್ಬರು ನಿಭಾಯಿಸಬಹುದು. ತರಗತಿಯಲ್ಲಿ ಇದನ್ನು ತೋರಿಸಲು ಒಂದು ಸಣ್ಣ ರಾಟೆ, ಟ್ವೈನ್ ದಾರ, ಒಂದು ಲೀಟರ್ ನೀರಿನ ಬಾಟಲಿ, ಮುಕ್ಕಾಲು ಲೀಟರ್ ನೀರಿರುವ ಇನ್ನೊಂದು ಬಾಟಲಿ ಇದ್ದರಾಯಿತು. ಮೊದಲು ದೊಡ್ಡ ಭಾರವನ್ನಷ್ಟೇ ಎಳೆಸಬೇಕು. ಆಮೇಲೆ ಎರಡನೇ ಬಾಟಲಿಯನ್ನು ಇನ್ನೊಂದು ತುದಿಗೆ ಕಟ್ಟಿ ಅದನ್ನು ಕಿರುಬೆರಳಿನಿಂದ ಕೆಳಗೆ ಒತ್ತಿಸಬೇಕು. ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇಲ್ಲಿ ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಬೇಕು: ಹಾಗಾದರೆ ಶಕ್ತಿ ಉಳಿತಾಯವಾಯಿತೇ? ಇಲ್ಲ. ಕೆಳಗಿಳಿದ ರಕ್ಷಕ ಮತ್ತೆ ಹಗ್ಗ ಹತ್ತಿ ಮೇಲೆ ಬರಬೇಕು. ಸ್ಟ್ರೆಚರ್ ಏರಲು ಒದಗಿದ ಶಕ್ತಿಯ ಬಹುಪಾಲು ಅವನು ಮೊದಲು ಹತ್ತಿ ಗಳಿಸಿದ್ದ ಪ್ರಚ್ಛನ್ನ ಶಕ್ತಿಯೇ. ಕಡಿಮೆಯಾದದ್ದು ಒಮ್ಮೆಗೆ ಹಾಕಬೇಕಾದ ಬಲ, ಒಟ್ಟು ಶಕ್ತಿಯಲ್ಲ. ಶಕ್ತಿಯ ಸಂರಕ್ಷಣಾ ನಿಯಮವನ್ನು ಮಕ್ಕಳು ಇಲ್ಲಿ ತಾವೇ ಹೇಳುತ್ತಾರೆ, ನಾವು ಬರೆಸಬೇಕಾಗಿಲ್ಲ.

ಇದು ಕೂಪಗಳ ಮಾತಾಯಿತು. ಕೂಪಗಳ ನಡುವೆ ಒಬ್ಬರೇ ನುಸುಳಬೇಕಾದ ಇಕ್ಕಟ್ಟುಗಳೂ ನೀರು ಹರಿಯುವ ಓಣಿಗಳೂ ಇವೆ. ಅಪಘಾತದ ಸ್ಥಳ ಬಾಯಿಯಿಂದ ಹಲವು ಕಿಲೋಮೀಟರ್ ಒಳಗಿತ್ತು. ಅಡ್ಡದಾರಿಯಲ್ಲಿ ಎತ್ತರ ಹೆಚ್ಚುವುದಿಲ್ಲ. ಸೂತ್ರದ ಪ್ರಕಾರ ಅಲ್ಲಿ ಗುರುತ್ವದ ವಿರುದ್ಧ ಕೆಲಸವೇ ಇಲ್ಲ; ಆದರೆ ಸ್ಟ್ರೆಚರನ್ನು ಕೈಯಿಂದ ಕೈಗೆ ದಾಟಿಸುವವರ ತೋಳಿಗೆ ದಣಿವು ತಪ್ಪಿದ್ದಲ್ಲ. ಭಾರ ಹಿಡಿದು ನಿಂತವನು ‘ಕೆಲಸ ಮಾಡುತ್ತಿಲ್ಲ’ ಎಂಬ ವೈಜ್ಞಾನಿಕ ಅರ್ಥಕ್ಕೂ ದಿನನಿತ್ಯದ ಅರ್ಥಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಚಳಿ ಮತ್ತು ತಲೆಯ ಗಾಯ

ಆಳದ ಗುಹೆಯ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಅದು ಆ ಪ್ರದೇಶದ ವಾರ್ಷಿಕ ಸರಾಸರಿಗೆ ಹತ್ತಿರವಿರುತ್ತದೆ. ಎತ್ತರದ ಆಲ್ಪ್ಸ್ ಪರ್ವತಗಳ ಗುಹೆಗಳಲ್ಲಿ ಅದು ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲೆ. ಗಾಳಿಯಲ್ಲಿ ತೇವಾಂಶ ತುಂಬಿರುತ್ತದೆ, ಬಟ್ಟೆ ಒಣಗುವುದಿಲ್ಲ. ಓಡಾಡುವವನ ಸ್ನಾಯುಗಳು ಉಷ್ಣವನ್ನು ಉತ್ಪಾದಿಸುತ್ತಿರುತ್ತವೆ, ಮಲಗಿದವನಿಗೆ ಅದಿಲ್ಲ. ಮೈಯ ಉಷ್ಣ ವಹನದಿಂದ ತಣ್ಣನೆಯ ಬಂಡೆಗೆ, ಆವಿಯಾಗುವಿಕೆಯಿಂದ ಗಾಳಿಗೆ ಸೋರುತ್ತದೆ. ದೇಹದ ಒಳ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ. ಆದ್ದರಿಂದ ಗಾಯಾಳುವಿನ ಮೇಲೆ ಹೊದಿಸುವಷ್ಟೇ ಮುಖ್ಯ ಅವನ ಕೆಳಗೆ ಹಾಸುವುದು. ಬರಿ ನೆಲದಲ್ಲಿ ಮಲಗಬೇಡ, ಚಾಪೆ ಹಾಸಿಕೋ ಎಂದು ಮನೆಯಲ್ಲಿ ಅಜ್ಜಿ ಹೇಳುವುದರ ಹಿಂದೆಯೂ ಇದೇ ವಹನವಿದೆ.

ತಲೆಯ ಗಾಯ ಇನ್ನೊಂದು ತೊಡಕು. ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಊತ ಬಂದರೆ ಒತ್ತಡವೆಲ್ಲ ಮಿದುಳಿನ ಮೇಲೆ. ಬೇಗ ತರಬೇಕೆಂದು ಎಳೆದಾಡಿದರೆ ಜೀವಕ್ಕೇ ಕುತ್ತು. ವೈದ್ಯರು ಗಾಯಾಳುವನ್ನು ತಲುಪಲು ದಿನಗಳೇ ಹಿಡಿದವು, ಏಕೆಂದರೆ ವೈದ್ಯರಾದರೆ ಸಾಲದು, ಹಗ್ಗದಲ್ಲಿ ಸಾವಿರ ಮೀಟರ್ ಇಳಿಯಬಲ್ಲವರೂ ಆಗಿರಬೇಕು. ಸಾಗಿಸಬಹುದೆಂದು ತೀರ್ಮಾನವಾದ ಮೇಲೆ, ಜೂನ್ 13ರಂದು, ಸ್ಟ್ರೆಚರ್ ಹೊರಟಿತು. ನಡುನಡುವೆ ಬಿಡಾರಗಳಲ್ಲಿ ತಂಗುತ್ತಾ ಸುಮಾರು ಆರು ದಿನಗಳಲ್ಲಿ ಮೇಲೆ ಬಂದಿತು. ದಣಿದ ತಂಡದ ಜಾಗಕ್ಕೆ ಹೊಸ ತಂಡ ಇಳಿಯಬೇಕು, ಅದಕ್ಕೆ ಊಟ, ಹಗ್ಗ, ಔಷಧಿ ಹೊರಲು ಮತ್ತೊಂದು ತಂಡ ಬೇಕು. ಜನರ ಸಂಖ್ಯೆ 700 ದಾಟಿದ್ದು ಹೀಗೆ.

ಬಂಡೆಯೊಳಗೆ ಸಂದೇಶ

ಒಳಗಿನವರು ಹೊರಗಿನವರೊಂದಿಗೆ ಹೇಗೆ ಮಾತಾಡಿದರು? ಮೊಬೈಲಿನ ಹೆಚ್ಚು ಆವರ್ತನದ ತರಂಗಗಳನ್ನು ಒದ್ದೆ ಬಂಡೆ ಬೇಗ ಹೀರಿಕೊಳ್ಳುತ್ತದೆ. ಆವರ್ತನ ತಗ್ಗಿದಷ್ಟೂ ಅವು ಆಳಕ್ಕೆ ಇಳಿಯಬಲ್ಲವು. ಅಂಥ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ಕೇವ್‌ಲಿಂಕ್ ಎಂಬ ಉಪಕರಣವನ್ನು ಇಲ್ಲಿ ಬಳಸಿದರು. ಆದರೆ ಆವರ್ತನ ತಗ್ಗಿದರೆ ಒಂದು ಸೆಕೆಂಡಿನಲ್ಲಿ ಕಳಿಸಬಹುದಾದ ಮಾಹಿತಿಯೂ ತಗ್ಗುತ್ತದೆ. ಅದಕ್ಕೇ ಅದರಲ್ಲಿ ಹೋಗುವುದು ಧ್ವನಿಯಲ್ಲ, ಚಿಕ್ಕ ಅಕ್ಷರ ಸಂದೇಶಗಳು ಮಾತ್ರ.

ಗುಹೆ ಹೇಗಾಯಿತೆಂದು ಕೇಳಿದರೆ ರಸಾಯನಶಾಸ್ತ್ರಕ್ಕೆ ದಾಟಬಹುದು. ಮಳೆನೀರು ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ, ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತದೆ. ಕ್ರಿಯೆ ಹಿಮ್ಮುಖವಾದಲ್ಲಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ಶಿವಲಿಂಗವೆಂದು ಪೂಜಿಸುವ ಕಲ್ಲು ಹೀಗೆ ಬೆಳೆದದ್ದು.

ಒಬ್ಬರಿಗಾಗಿ ಇಷ್ಟೊಂದೇ?

ಪಾಠದ ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ವಿಜ್ಞಾನದ್ದಲ್ಲ: “ತಾವಾಗಿ ಇಳಿದವರಿಗೆ ಇಷ್ಟು ಖರ್ಚು ಯಾಕೆ ಮಾಡಬೇಕು?” ಜರ್ಮನಿಯಲ್ಲೂ ಈ ಚರ್ಚೆ ನಡೆಯಿತು. ಒಟ್ಟು ವೆಚ್ಚ ಸುಮಾರು 9.6 ಲಕ್ಷ ಯೂರೋ ಎಂದು ಅಲ್ಲಿನ ಸರ್ಕಾರ ಹೇಳಿತು. ನಂತರ ಗುಹೆಯ ಬಾಯಿಯನ್ನು ಮುಚ್ಚಿ ಪ್ರವೇಶ ನಿರ್ಬಂಧಿಸಲಾಯಿತು. ಉತ್ತರ ಕೊಡುವ ಬದಲು ನಾನು ಒಂದು ಸಂಗತಿಯನ್ನು ಸೇರಿಸಿದೆ: ಯುರೋಪಿನ ಗುಹಾ ರಕ್ಷಕರಲ್ಲಿ ಬಹುತೇಕರು ಸ್ವಯಂಸೇವಕರು, ಸ್ವತಃ ಗುಹೆಗಳಿಗೆ ಇಳಿಯುವವರು. ಹಗ್ಗ ಹಿಡಿದವರಿಗೆ ಸ್ಟ್ರೆಚರಿನಲ್ಲಿ ನಾಳೆ ತಾವೂ ಇರಬಹುದೆಂದು ಗೊತ್ತು. ಇದನ್ನು ಕೇಳಿದ ಮೇಲೆ ತರಗತಿಯಲ್ಲಿ ನಡೆದ ಹತ್ತು ನಿಮಿಷದ ವಾದದಲ್ಲಿ ಅಷ್ಟರವರೆಗೆ ಬಾಯಿ ಬಿಡದ ಮಕ್ಕಳೂ ಸೇರಿದರು. ವಿಜ್ಞಾನದ ಅವಧಿಯಲ್ಲಿ ಅದಕ್ಕೆ ಸಮಯ ಇಟ್ಟುಕೊಳ್ಳಬೇಕು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು ಸಾಕಾದವು. ಒಂದು, 60 ಕೆಜಿ ತೂಕದ ರಕ್ಷಕ ಪ್ರತಿಭಾರವಾದರೆ ಉಳಿದವರು ಹಾಕಬೇಕಾದ ಬಲವೆಷ್ಟು? ಎರಡು, ಗಾಯಾಳುವಿಗೆ ಹೊದಿಸಲು ಮತ್ತು ಹಾಸಲು ಒಂದೇ ಕಂಬಳಿ ಇದ್ದರೆ ಹೇಗೆ ಬಳಸುವಿರಿ, ಏಕೆ? ಮೂರು, ನಿಮ್ಮೂರಿನ ಸೇದುಬಾವಿಯಲ್ಲಿ ರಾಟೆ ಇಲ್ಲದೆ ಒಂದು ಕೊಡ ನೀರು ಸೇದಿದರೆ ಶಕ್ತಿ ಹೆಚ್ಚು ಬೇಕೇ, ಬಲ ಹೆಚ್ಚು ಬೇಕೇ? ಮೂರನೆಯದಕ್ಕೆ ಹಗ್ಗ ಬಾವಿಯ ಕಟ್ಟೆಗೆ ಉಜ್ಜುವ ಘರ್ಷಣೆಯನ್ನು ಗಮನಿಸಿ ‘ಎರಡೂ’ ಎಂದು ಬರೆದವರಿಗೆ ಪೂರ್ಣ ಅಂಕ. ಜೊತೆಗೆ ಒಂದು ಎಚ್ಚರಿಕೆ ಹೇಳಲೇಬೇಕು: ಈ ಪಾಠ ಕೇಳಿ ಯಾವ ಮಗುವೂ ಗುಹೆಗೋ ಹಾಳುಬಾವಿಗೋ ಇಳಿಯಬಾರದು. ತರಬೇತಿ ಪಡೆದು, ಹೆಲ್ಮೆಟ್ ಹಾಕಿ, ಜೊತೆಗಾರರಿದ್ದೂ ಅವರಿಗೆ ಹೊರಬರಲು 11 ದಿನ ಬೇಕಾಯಿತು ಎಂಬುದನ್ನು ನೆನಪಿಸಿದರೆ ಸಾಕು.