ಸ್ಯಾಟ್ ವ್ಯಾಕರಣ: ಕಿವಿಗೆ ಒಪ್ಪಿದ್ದೆಲ್ಲ ಸರಿಯುತ್ತರವಲ್ಲ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಪಿಯುಸಿ ವಿದ್ಯಾರ್ಥಿಗಳಲ್ಲಿ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರಲ್ಲಿ, ಒಂದು ನಂಬಿಕೆ ಬೇರೂರಿದೆ: ಸ್ಯಾಟ್ ಪರೀಕ್ಷೆಯ ವ್ಯಾಕರಣ ಮನೆಯಲ್ಲೂ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಸಲೀಸು, ಕನ್ನಡದಲ್ಲಿ ಯೋಚಿಸುವವರಿಗೆ ಅದು ದಕ್ಕುವುದಿಲ್ಲ. ಪರೀಕ್ಷೆ ನಿಜಕ್ಕೂ ಏನನ್ನು ಕೇಳುತ್ತದೆ ಎಂದು ನೋಡಿದವರಿಗೆ ಈ ನಂಬಿಕೆ ಉಳಿಯುವುದಿಲ್ಲ.

ಭಾರತವೂ ಸೇರಿ ಅಮೆರಿಕದ ಹೊರಗಿನ ದೇಶಗಳಲ್ಲಿ 2023ರಿಂದ, ಅಮೆರಿಕದಲ್ಲಿ 2024ರಿಂದ ಸ್ಯಾಟ್ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಓದು ಮತ್ತು ಬರವಣಿಗೆಯ ವಿಭಾಗದಲ್ಲಿ 54 ಪ್ರಶ್ನೆ. 27 ಪ್ರಶ್ನೆಗಳ ಎರಡು ಭಾಗ, ಒಂದೊಂದಕ್ಕೂ 32 ನಿಮಿಷ. ಪ್ರತಿ ಪ್ರಶ್ನೆಗೂ 25ರಿಂದ 150 ಪದಗಳ ಒಂದು ಪುಟ್ಟ ಗದ್ಯಭಾಗ. ಇವುಗಳಲ್ಲಿ ಅಪ್ಪಟ ವ್ಯಾಕರಣದ ಪ್ರಶ್ನೆಗಳು 11ರಿಂದ 15. ವಾಕ್ಯ ಎಲ್ಲಿ ಮುಗಿಯುತ್ತದೆ, ಕ್ರಿಯಾಪದ ಯಾರದು, ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬಂಥ ಕೆಲವೇ ವಿಷಯಗಳ ಸುತ್ತ ಅವು ಸುತ್ತುತ್ತವೆ.

ಇಲ್ಲಿ ಮೊದಲು ಎಡವುವುದು ‘ಓದಿದಾಗ ಕಿವಿಗೆ ಸರಿ ಕೇಳಿಸಿದ್ದೇ ಉತ್ತರ’ ಎಂಬ ನಂಬಿಕೆ. ‘ದ ಬಾಸ್ಕೆಟ್ ಆಫ್ ಮ್ಯಾಂಗೋಸ್’ ಎಂದ ಮೇಲೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ? ಮ್ಯಾಂಗೋಸ್ ಎಂಬ ಬಹುವಚನ ಪಕ್ಕದಲ್ಲೇ ಇರುವುದರಿಂದ ಕಿವಿ ‘ಆರ್’ ಎನ್ನುತ್ತದೆ. ಆದರೆ ಇಲ್ಲಿ ಮಾತು ಒಂದೇ ಬುಟ್ಟಿಯದು, ಆದ್ದರಿಂದ ‘ಈಸ್’ ಸರಿ. ಪ್ರಶ್ನೆ ತೆಗೆಯುವವರು ಬುಟ್ಟಿಗೂ ಕ್ರಿಯಾಪದಕ್ಕೂ ನಡುವೆ ಹತ್ತು ಹನ್ನೆರಡು ಪದಗಳನ್ನು ತುಂಬುತ್ತಾರೆ. ಅಷ್ಟರಲ್ಲಿ ಓದುಗನಿಗೆ ಬುಟ್ಟಿ ಮರೆತು ಹಣ್ಣುಗಳಷ್ಟೇ ನೆನಪಿನಲ್ಲಿರುತ್ತವೆ.

ಕನ್ನಡದಲ್ಲಿ ಈ ಗೊಂದಲ ಇಷ್ಟು ಸುಲಭವಾಗಿ ಹುಟ್ಟುವುದಿಲ್ಲ. ‘ಮಾವಿನ ಹಣ್ಣುಗಳ ಬುಟ್ಟಿ ಮೇಜಿನ ಮೇಲಿದೆ’ ಎನ್ನುವಾಗ ವಿಶೇಷಣಗಳೆಲ್ಲ ಮುಂದೆ ಬಂದು, ಮುಖ್ಯ ನಾಮಪದ ಕೊನೆಗೆ ನಿಲ್ಲುತ್ತದೆ. ಇಂಥ ಕಡೆ ಇಂಗ್ಲಿಷಿನಲ್ಲಿ ನಾಮಪದ ಮೊದಲು, ಅದರ ವಿವರಣೆ ಆಮೇಲೆ. ಹೀಗಾಗಿ ಗೊಂದಲವಾದ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದ ಕ್ರಮಕ್ಕೆ ತಿರುಗಿಸಿ ನೋಡುವ ವಿದ್ಯಾರ್ಥಿಗೆ ಕರ್ತೃ ತಾನಾಗಿ ಸಿಗುತ್ತದೆ. ‘ಇಂಗ್ಲಿಷಿನಲ್ಲೇ ಯೋಚಿಸು’ ಎಂದು ಮಕ್ಕಳನ್ನು ಗದರುವವರು ಈ ಉಪಾಯವನ್ನೇ ಅವರ ಕೈಯಿಂದ ಕಿತ್ತುಕೊಳ್ಳುತ್ತಾರೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ಪಷ್ಟ. ‘ವಾಕಿಂಗ್ ಟು ಸ್ಕೂಲ್, ದ ರೇನ್ ಸೋಕ್ಡ್ ಹರ್’ ಎಂಬ ವಾಕ್ಯ ಇಂಗ್ಲಿಷ್ ಬಲ್ಲವರಿಗೂ ಸಹಜವಾಗಿ ಕೇಳಿಸುತ್ತದೆ. ಆದರೆ ಅದರ ಪ್ರಕಾರ ಶಾಲೆಗೆ ನಡೆದದ್ದು ಮಳೆ! ‘ಬಸ್ಸಿನಿಂದ ಇಳಿದು ಮಳೆ ಸುರಿಯಿತು’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ, ‘ಇಳಿಯುವಾಗ’ ಎನ್ನುತ್ತಾನೆ. ‘ಇಳಿದು’ ಎಂದರೆ ಇಳಿದವರೇ ಮುಂದಿನ ಕೆಲಸವನ್ನೂ ಮಾಡಬೇಕು ಎಂಬ ತಿಳಿವು ನಮ್ಮ ಮಾತಿನಲ್ಲೇ ಇದೆ. ಸ್ಯಾಟ್ ಪರೀಕ್ಷಿಸುವುದೂ ಅದನ್ನೇ: ವಾಕ್ಯದ ಆರಂಭದ ತುಂಡಿನಲ್ಲಿರುವ ಕೆಲಸ ಯಾರದ್ದೋ, ಕಾಮಾ ಆದ ಕೂಡಲೇ ಅವರ ಹೆಸರು ಬರಬೇಕು.

ಹಾಗೆಂದು ಕನ್ನಡದ ರೂಢಿ ಎಲ್ಲ ಕಡೆ ಕೈಹಿಡಿಯುವುದಿಲ್ಲ. ಕಾಮಾ ವಿಷಯದಲ್ಲಿ ಅದು ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಮಳೆ ನಿಂತಿತು, ನಾವು ಮನೆಗೆ ಹೊರಟೆವು’ ಎಂದು ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಅದನ್ನೇ ಇಂಗ್ಲಿಷಿನಲ್ಲಿ ಬರೆದು ನಡುವೆ ಬರೀ ಕಾಮಾ ಹಾಕಿದರೆ ಸ್ಯಾಟ್ ಲೆಕ್ಕದಲ್ಲಿ ತಪ್ಪು. ಎರಡು ಪೂರ್ಣ ವಾಕ್ಯಗಳ ನಡುವೆ ಸಾಮಾನ್ಯವಾಗಿ ಪೂರ್ಣವಿರಾಮವೋ ಸೆಮಿಕೋಲನ್ನೋ ಬೇಕು, ಇಲ್ಲವೇ ಕಾಮಾದ ಜೊತೆ ‘ಆ್ಯಂಡ್’, ‘ಬಟ್’, ‘ಸೋ’ ಥರದ ಪದ ಬೇಕು. ‘ಹೌಎವರ್’ ಈ ಗುಂಪಿನದಲ್ಲ. ಅದರ ಮುಂದೆ ಬರೀ ಕಾಮಾ ಹಾಕಿ ಎರಡು ವಾಕ್ಯ ಜೋಡಿಸಿದವರು ಅಂಕ ಕಳೆದುಕೊಳ್ಳುತ್ತಾರೆ.

‘ಉಸಿರು ತೆಗೆದುಕೊಳ್ಳುವ ಕಡೆ ಕಾಮಾ’ ಎಂಬ ಶಾಲೆಯ ಪಾಠವೂ ಇಲ್ಲಿ ಕೆಲಸಕ್ಕೆ ಬಾರದು. ಉದ್ದದ ಕರ್ತೃಪದ ಓದಿ ಮುಗಿಸಿದಾಗ ಯಾರಿಗಾದರೂ ಉಸಿರು ಬೇಕು, ಆದರೆ ಕರ್ತೃವಿಗೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರುವಂತಿಲ್ಲ. ನಡುವೆ ಸೇರಿಸಿದ ವಿವರಣೆಗೆ ಎರಡೂ ತುದಿಯಲ್ಲಿ ಒಂದೇ ಜಾತಿಯ ಚಿಹ್ನೆ ಇರಬೇಕು: ಕಾಮಾದಿಂದ ತೆರೆದದ್ದು ಕಾಮಾದಿಂದ, ಡ್ಯಾಶಿನಿಂದ ತೆರೆದದ್ದು ಡ್ಯಾಶಿನಿಂದ ಮುಚ್ಚಬೇಕು.

ವಾಕ್ಯವನ್ನು ‘ಆ್ಯಂಡ್’, ‘ಬಿಕಾಸ್’ ಪದಗಳಿಂದ ಶುರುಮಾಡಬಾರದು, ‘ಇನ್’, ‘ವಿತ್’ ಪದಗಳಿಂದ ಮುಗಿಸಬಾರದು ಎಂದು ಕಲಿತವರು ಅದೇ ಕಾರಣಕ್ಕೆ ಸರಿಯುತ್ತರವನ್ನು ಹೊಡೆದುಹಾಕುವುದುಂಟು. ಇವು ಶಿಷ್ಟ ಇಂಗ್ಲಿಷಿನ ನಿಯಮಗಳಲ್ಲ, ತರಗತಿಯ ಕಟ್ಟಳೆಗಳು. ಬಹುಆಯ್ಕೆಯ ಪ್ರಶ್ನೆಯಲ್ಲಿ ಮೂರು ಉತ್ತರಗಳು ನಿರ್ವಿವಾದವಾಗಿ ತಪ್ಪಿರಬೇಕು. ವಿವಾದವಿದ್ದರೆ ಪ್ರಶ್ನೆಯೇ ಬೀಳುತ್ತದೆ. ಅದು ನಿಜವಾಗಿ ನಡೆದಿದೆ ಕೂಡ. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡಿನದೇ ಆದ ಪಿಎಸ್ಎಟಿ ಪರೀಕ್ಷೆಯಲ್ಲಿ, 2002ರಲ್ಲಿ, ಕಾದಂಬರಿಕಾರ್ತಿ ಟೋನಿ ಮಾರಿಸನ್ ಕುರಿತ ವಾಕ್ಯವೊಂದನ್ನು ಕೊಟ್ಟು ತಪ್ಪು ಹುಡುಕಲು ಹೇಳಲಾಗಿತ್ತು. ‘ತಪ್ಪಿಲ್ಲ’ ಎಂಬುದೇ ಬೋರ್ಡಿನ ಉತ್ತರ. ಮೇರಿಲ್ಯಾಂಡಿನ ಶಾಲಾ ಶಿಕ್ಷಕರೊಬ್ಬರು ಒಪ್ಪಲಿಲ್ಲ. ವಾಕ್ಯದಲ್ಲಿರುವುದು ‘ಮಾರಿಸನ್ಸ್’ ಎಂಬ ಷಷ್ಠಿ ರೂಪ, ‘ಹರ್’ ಎಂಬ ಸರ್ವನಾಮ ಅದನ್ನು ಸೂಚಿಸುವಂತಿಲ್ಲ ಎಂಬ ಹಳೆಯ ನಿಯಮವನ್ನು ಮುಂದಿಟ್ಟು ವಾದಿಸಿದರು. ಮೊದಲು ತನ್ನ ಉತ್ತರವನ್ನೇ ಸಮರ್ಥಿಸಿಕೊಂಡ ಬೋರ್ಡು 2003ರಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕಹಾಕಿತು.

ಕೋಚಿಂಗ್ ವಲಯದಲ್ಲಿ ಓಡಾಡುವ ಅಡ್ಡದಾರಿಗಳು ಎರಡು: ‘ಚಿಕ್ಕ ಉತ್ತರವೇ ಸರಿ’, ‘ಬೀಯಿಂಗ್ ಇರುವ ಉತ್ತರ ತಪ್ಪು’. ಮೊದಲನೆಯದು ಅನಗತ್ಯ ಪದಗಳನ್ನು ಕತ್ತರಿಸುವ ಪ್ರಶ್ನೆಗಳಿದ್ದ ಹಳೆಯ ಕಾಗದದ ಸ್ಯಾಟ್ ಕಾಲದ್ದು. ಈಗಿನ ವಿರಾಮಚಿಹ್ನೆಯ ಪ್ರಶ್ನೆಗಳಲ್ಲಿ ನಾಲ್ಕೂ ಉತ್ತರಗಳ ಪದಗಳು ಹೆಚ್ಚುಕಡಿಮೆ ಒಂದೇ, ಬದಲಾಗುವುದು ಚಿಹ್ನೆ ಮಾತ್ರ. ಎರಡನೆಯದಕ್ಕೆ ಯಾವ ವ್ಯಾಕರಣದ ಆಧಾರವೂ ಇಲ್ಲ. ನಿಜಕ್ಕೂ ನೆರವಾಗುವ ತರ್ಕ ಬೇರೆ. ಒಂದು ಉತ್ತರದಲ್ಲಿ ಪೂರ್ಣವಿರಾಮ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಸೆಮಿಕೋಲನ್ ಇದ್ದು, ಉಳಿದದ್ದೆಲ್ಲ ಒಂದೇ ಆಗಿದ್ದರೆ ಎರಡೂ ಮಾಡುವ ಕೆಲಸ ಒಂದೇ. ಸರಿಯುತ್ತರ ಒಂದೇ ಇರಬೇಕಾದ್ದರಿಂದ ಎರಡನ್ನೂ ಬಿಡಬಹುದು.

ನೀಟ್‌ಗೆ ಓದಿದ ಮಕ್ಕಳಿಗೆ ಇನ್ನೊಂದು ಅಭ್ಯಾಸ ಅಂಟಿರುತ್ತದೆ. ಅಲ್ಲಿ ತಪ್ಪಿಗೆ ಒಂದು ಅಂಕ ಕಡಿತ, ಹಾಗಾಗಿ ಅನುಮಾನವಿದ್ದರೆ ಖಾಲಿ ಬಿಡುತ್ತಾರೆ. ಸ್ಯಾಟ್‌ನಲ್ಲಿ ತಪ್ಪಿಗೆ ಅಂಕ ಕಳೆಯುವ ಪದ್ಧತಿ 2016ರಲ್ಲೇ ಹೋಯಿತು. ಪ್ರಶ್ನೆಗಳನ್ನು ಸಾಲಾಗಿಯೇ ಬಿಡಿಸಬೇಕೆಂಬ ನಿಯಮವೂ ಇಲ್ಲ. ಪ್ರತಿ ಭಾಗದಲ್ಲೂ ಪದಗಳ ಅರ್ಥದ ಮತ್ತು ಓದಿನ ಪ್ರಶ್ನೆಗಳು ಮೊದಲು, ವ್ಯಾಕರಣ ಆಮೇಲೆ. ಕಷ್ಟದ ಗದ್ಯದಲ್ಲಿ ಸಿಕ್ಕಿಬಿದ್ದು ಸಮಯ ಕಳೆದವರಿಗೆ ಸುಲಭವಾಗಿ ಬರುವ ವ್ಯಾಕರಣದ ಅಂಕಗಳೇ ಕೈತಪ್ಪುತ್ತವೆ. ಭಾಗ ಮುಗಿಯುವವರೆಗೆ ಹಿಂದೆ ಮುಂದೆ ಹೋಗುವ ಅವಕಾಶವಿದೆ.

ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಪ್ರಮಾಣದ ಮಾದರಿ ಪರೀಕ್ಷೆಗಳು, ಖಾನ್ ಅಕಾಡೆಮಿಯಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ದುಬಾರಿ ತರಗತಿಗೆ ಹಣ ಕಟ್ಟುವ ಮೊದಲು ಅಲ್ಲಿನ ಒಂದು ಪರೀಕ್ಷೆ ಬರೆಯಿರಿ. ತಪ್ಪಾದ ಪ್ರತಿ ವ್ಯಾಕರಣದ ಪ್ರಶ್ನೆಯ ಪಕ್ಕದಲ್ಲಿ, ಉಳಿದ ಮೂರು ಉತ್ತರಗಳು ಏಕೆ ತಪ್ಪು ಎಂಬ ಕಾರಣವನ್ನು ಕನ್ನಡದಲ್ಲೇ ಬರೆದಿಡಿ.