ಇತಿಹಾಸದ ಪಾಠ ಮತ್ತು ನೈತಿಕ ಆಯ್ಕೆ: ಮಾರ್ಗೊ ಸ್ಟರ್ನ್ ಸ್ಟ್ರಾಮ್ ಅವರ ಬೋಧನ ಪ್ರಯೋಗ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿಯೂ ಅದರ ಸಹಕಾರಿಗಳೂ ಯುರೋಪಿನ ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದುದನ್ನು ಇಂಗ್ಲಿಷಿನಲ್ಲಿ ‘ಹಾಲೊಕಾಸ್ಟ್’ ಎಂದು ಕರೆಯುವುದು ರೂಢಿ. ಗ್ರೀಕ್ ಮೂಲದ ಈ ಪದಕ್ಕೆ ಪೂರ್ಣವಾಗಿ ದಹಿಸಿದ ಆಹುತಿ ಎಂಬ ಅರ್ಥವಿದೆ. ಕನ್ನಡದಲ್ಲಿ ನಾವು ಬಳಸುವ ‘ನರಮೇಧ’ ಎಂಬ ಪದದಲ್ಲಿಯೂ ಯಜ್ಞದ ಅರ್ಥವೇ ಅಡಗಿದೆ. ಯಜ್ಞಕ್ಕೆ ಒಬ್ಬ ದೇವತೆಯೂ ಒಂದು ಫಲವೂ ಇರುತ್ತವೆ. ಈ ಕೊಲೆಗಳಿಗೆ ಅವೆರಡೂ ಇರಲಿಲ್ಲ. ಆದ್ದರಿಂದಲೇ ಅನೇಕ ವಿದ್ವಾಂಸರು ಮಹಾವಿಪತ್ತು ಎಂಬರ್ಥದ ‘ಶೋಆ’ ಎಂಬ ಹೀಬ್ರೂ ಪದವನ್ನು ಒಪ್ಪುತ್ತಾರೆ. ಹೆಸರಿಡುವುದೇ ಇಷ್ಟು ಕಷ್ಟವಾಗಿರುವ ಘಟನೆಯನ್ನು ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಕಲಿಸುವುದು ಹೇಗೆ? ಅಮೆರಿಕದ ಶಾಲಾ ಶಿಕ್ಷಕಿ ಮಾರ್ಗೊ ಸ್ಟರ್ನ್ ಸ್ಟ್ರಾಮ್ ಅವರ ವೃತ್ತಿಜೀವನದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಟ್ರಾಮ್ ಅವರು 1941ರಲ್ಲಿ ಷಿಕಾಗೊದಲ್ಲಿ ಜನಿಸಿ, ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಬೆಳೆದರು. ಅದು ಕರಿಯರಿಗೂ ಬಿಳಿಯರಿಗೂ ಕುಡಿಯುವ ನೀರಿನ ನಲ್ಲಿಗಳು ಬೇರೆ ಬೇರೆಯಾಗಿದ್ದ ಕಾಲ. ಮೃಗಾಲಯಕ್ಕೆ ಕರಿಯರು ಹೋಗಲು ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಲಾಗಿತ್ತು. ಯೆಹೂದಿ ಮನೆತನದ ಈ ಬಾಲಕಿ ದಿನವೂ ಕಣ್ಣಾರೆ ಕಂಡ ಈ ಭೇದದ ಬಗ್ಗೆ ಶಾಲೆಯಲ್ಲಿ ಯಾರೂ ಮಾತೆತ್ತಲಿಲ್ಲ. ಇತಿಹಾಸದ ಸಂಕೀರ್ಣತೆಯನ್ನು ಮಕ್ಕಳು ತಾಳಿಕೊಳ್ಳಬಲ್ಲರೆಂಬ ನಂಬಿಕೆ ತಮ್ಮ ಶಿಕ್ಷಕರಿಗೆ ಇರಲಿಲ್ಲವೆಂದು ಅವರು ಮುಂದೆ ಹೇಳುತ್ತಿದ್ದರು. ಅವರ ಬೋಧನಕ್ರಮದ ಮೂಲ ಈ ಮೌನದ ಅನುಭವದಲ್ಲಿದೆ.

1976ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್ ಪಟ್ಟಣದ ರಂಕಲ್ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ, ಅವರು ಸಹಶಿಕ್ಷಕ ವಿಲಿಯಂ ಪಾರ್ಸನ್ಸ್ ಅವರೊಡನೆ ಈ ಹತ್ಯಾಕಾಂಡವನ್ನು ಕುರಿತ ಕಾರ್ಯಾಗಾರವೊಂದರಲ್ಲಿ ಭಾಗವಹಿಸಿದರು. ವಿಷಯದ ಬಗ್ಗೆ ತಮಗಿದ್ದ ತಿಳಿವಳಿಕೆ ಎಷ್ಟು ಅಲ್ಪವೆಂಬುದು ಅಲ್ಲಿ ಇಬ್ಬರಿಗೂ ಅರಿವಾಯಿತು. ಆ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವಾಗಿ ಎಂಟನೆಯ ತರಗತಿಗೆ ಅವರು ರೂಪಿಸಿದ ಪಾಠಕ್ರಮವೇ ‘ಫೇಸಿಂಗ್ ಹಿಸ್ಟರಿ ಅಂಡ್ ಅವರ್‌ಸೆಲ್ವ್ಸ್’. ಇತಿಹಾಸವನ್ನು ಎದುರಿಸುವುದೆಂದರೆ ನಮ್ಮನ್ನು ನಾವೇ ಎದುರಿಸುವುದು ಎಂಬ ಆಶಯ ಈ ಹೆಸರಿನಲ್ಲಿಯೇ ಇದೆ. ಇಬ್ಬರೂ ಸೇರಿ ಸಿದ್ಧಪಡಿಸಿದ ಆಕರಗ್ರಂಥ 1982ರಲ್ಲಿ ಹೊರಬಂದಿತು. ಕಾಲಕ್ರಮದಲ್ಲಿ ಈ ಪ್ರಯೋಗವು ಶಿಕ್ಷಕರಿಗೆ ತರಬೇತಿ ನೀಡುವ ಸಂಸ್ಥೆಯಾಗಿ ಬೆಳೆಯಿತು.

ಈ ಪಾಠಕ್ರಮ ಯಾತನಾಶಿಬಿರಗಳ ಚಿತ್ರಗಳಿಂದ ಆರಂಭವಾಗುವುದಿಲ್ಲವೆಂಬುದು ಗಮನಾರ್ಹ. ಮೊದಲ ಹಂತದಲ್ಲಿ ವಿದ್ಯಾರ್ಥಿ ಕೇಳಿಕೊಳ್ಳಬೇಕಾದುದು ‘ನಾನು ಯಾರು?’ ಎಂಬ ಪ್ರಶ್ನೆಯನ್ನು. ಇದಕ್ಕಾಗಿ ಬಳಸುವ ಪಠ್ಯಗಳಲ್ಲಿ ಫ್ರಾಂಕ್ ಟ್ಯಾಶ್ಲಿನ್ ಅವರ ಮಕ್ಕಳ ಕಥೆಯೊಂದಿದೆ. ನೀನು ಕರಡಿಯಲ್ಲ, ಕ್ಷೌರ ಮಾಡಿಸಿಕೊಳ್ಳದ ಮನುಷ್ಯ ಎಂದು ಕಾರ್ಖಾನೆಯ ಅಧಿಕಾರಿಗಳೆಲ್ಲ ಒಬ್ಬರಾದ ಮೇಲೊಬ್ಬರು ಹೇಳಿದಾಗ ಕರಡಿಯೂ ಅದನ್ನು ನಂಬಿಬಿಡುತ್ತದೆ. ಎರಡನೆಯ ಹಂತದಲ್ಲಿ ‘ನಾವು’ ಮತ್ತು ‘ಅವರು’ ಎಂಬ ವಿಭಜನೆಯ ಚರ್ಚೆ ನಡೆಯುತ್ತದೆ. ಸಮಾಜವಿಜ್ಞಾನಿ ಹೆಲೆನ್ ಫೈನ್ ಅವರ ‘ಹೊಣೆಗಾರಿಕೆಯ ವಲಯ’ ಎಂಬ ಪರಿಕಲ್ಪನೆ ಇಲ್ಲಿ ಸಹಾಯಕವಾಗುತ್ತದೆ: ಯಾರ ಕ್ಷೇಮಕ್ಕೆ ತಾನು ಬಾಧ್ಯಸ್ಥನೆಂದು ಒಂದು ಸಮಾಜ ಭಾವಿಸುತ್ತದೆಯೋ ಅವರು ಆ ವಲಯದ ಒಳಗಿನವರು, ಉಳಿದವರು ಹೊರಗಿನವರು.

ಇದಾದ ಮೇಲೆಯೇ ಜರ್ಮನಿಯ ಇತಿಹಾಸ. ವೈಮಾರ್ ಗಣರಾಜ್ಯದ ಕುಸಿತ, 1933ರ ಜನವರಿ 30ರಂದು ಹಿಟ್ಲರನ ಅಧಿಕಾರ ಸ್ವೀಕಾರ, ಅದೇ ಏಪ್ರಿಲಿನಲ್ಲಿ ಯೆಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕಿದ ಕಾನೂನು, 1935ರ ನ್ಯೂರೆಂಬರ್ಗ್ ಶಾಸನಗಳು, 1938ರ ನವೆಂಬರಿನ ಹಿಂಸಾಚಾರ – ಇವೆಲ್ಲವನ್ನೂ ಹೆಜ್ಜೆ ಹೆಜ್ಜೆಯಾಗಿ ನೋಡಲಾಗುತ್ತದೆ. 1934ರ ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡ ಬಳಿಕ ಸೈನಿಕರೂ ಸರ್ಕಾರಿ ನೌಕರರೂ ಹಿಟ್ಲರನ ಹೆಸರಿನಲ್ಲಿಯೇ ಪ್ರಮಾಣ ಸ್ವೀಕರಿಸಬೇಕಾಯಿತು. ಆ ನೌಕರನ ಸ್ಥಾನದಲ್ಲಿ ನಿಂತು ಯೋಚಿಸಿದಾಗ ಸಂಸಾರ, ಸಂಬಳ, ಭಯ, ಆತ್ಮಸಾಕ್ಷಿ ಎಲ್ಲವೂ ಪರಿಗಣನೆಗೆ ಬರುತ್ತವೆ. ಮುಂದೆ ಆದುದು ಅನಿವಾರ್ಯವಾಗಿರಲಿಲ್ಲ, ಅಸಂಖ್ಯ ಜನರ ಸಣ್ಣ ಸಣ್ಣ ಆಯ್ಕೆಗಳು ಅದಕ್ಕೆ ದಾರಿ ಮಾಡಿಕೊಟ್ಟವು ಎಂಬುದು ಈ ಪಾಠದ ತಿರುಳು. ಕೊಂದವರ ಜೊತೆಗೆ, ಸುಮ್ಮನೆ ನೋಡುತ್ತ ನಿಂತವರನ್ನೂ ಅದು ವಿಚಾರಣೆಗೆ ಒಳಪಡಿಸುತ್ತದೆ. ಇಂಥವರನ್ನು ಕನ್ನಡದಲ್ಲಿ ‘ತಟಸ್ಥರು’ ಎನ್ನಬಹುದು. ತಟದಲ್ಲಿ ನಿಂತವನು ಹೊಳೆಗೆ ಇಳಿದಿಲ್ಲ ನಿಜ. ಆದರೆ ಮುಳುಗುತ್ತಿರುವವನು ಅವನಿಗೆ ಕಾಣುತ್ತಲೇ ಇರುತ್ತಾನೆ. ನ್ಯೂರೆಂಬರ್ಗ್ ವಿಚಾರಣೆ, ಸ್ಮರಣೆ ಮತ್ತು ಇಂದಿನ ನಾಗರಿಕ ಹೊಣೆ ಕೊನೆಯ ಹಂತದ ವಿಷಯಗಳು.

ಈ ಪ್ರಯೋಗಕ್ಕೆ ಎರಡು ದಿಕ್ಕುಗಳಿಂದ ಆಕ್ಷೇಪ ಬಂದಿತು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಇದಕ್ಕೆ ಅನುದಾನವನ್ನು ನಿರಾಕರಿಸಿತು. ಪಾಠಕ್ರಮದಲ್ಲಿ ನಾಜಿಗಳ ಮತ್ತು ಕು ಕ್ಲಕ್ಸ್ ಕ್ಲಾನ್‌ನ ದೃಷ್ಟಿಕೋನಗಳಿಗೆ ಸ್ಥಾನವಿಲ್ಲವೆಂದು ಪರಿಶೀಲಕಿಯೊಬ್ಬರು ದೂರಿದ್ದರು. 1988ರಲ್ಲಿ ಈ ಪ್ರಕರಣ ಅಲ್ಲಿನ ಸಂಸತ್ತಿನ ಉಪಸಮಿತಿಯ ಮುಂದೆ ಬಂದಿತು. 1995ರಲ್ಲಿ ಅದೇ ಪರಿಶೀಲಕಿ ಪ್ರತಿನಿಧಿ ಸಭೆಯ ಇತಿಹಾಸಕಾರರಾಗಿ ನೇಮಕಗೊಂಡಾಗ ಈ ಅಭಿಪ್ರಾಯ ಮತ್ತೆ ಚರ್ಚೆಗೆ ಬಂದು, ಅವರು ಆ ಹುದ್ದೆಯನ್ನು ಕಳೆದುಕೊಂಡರು. ಎಲ್ಲ ಪಕ್ಷಗಳಿಗೂ ಸಮಾನ ಸ್ಥಾನ ನೀಡುವುದೇ ನಿಷ್ಪಕ್ಷಪಾತವೆಂದು ತಿಳಿಯುವುದರ ಅಪಾಯಕ್ಕೆ ಇದು ನಿದರ್ಶನ. ಕೊಲೆಗಾರನ ಮನಸ್ಸನ್ನು ಅರಿಯಲು ಯತ್ನಿಸುವುದು ಬೇರೆ, ಅವನ ವಾದಕ್ಕೆ ಪಾಠದಲ್ಲಿ ಮನ್ನಣೆ ಕೊಡುವುದು ಬೇರೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಇತಿಹಾಸಕಾರ್ತಿ ಲೂಸಿ ದಾವಿಡೋವಿಚ್ 1990ರಲ್ಲಿ ಅಮೆರಿಕದ ಶಾಲೆಗಳ ಇಂಥ ಪಾಠಕ್ರಮಗಳನ್ನು ವಿಮರ್ಶಿಸಿ, ಯೆಹೂದಿ ದ್ವೇಷದ ದೀರ್ಘ ಚರಿತ್ರೆಯನ್ನು ಅವು ಸಾಕಷ್ಟು ಬೋಧಿಸುವುದಿಲ್ಲವೆಂದರು. 1995ರಲ್ಲಿ ಡೆಬೊರಾ ಲಿಪ್‌ಸ್ಟಾಟ್ ಅವರು ಸ್ಟ್ರಾಮ್ ಅವರ ಪಾಠಕ್ರಮವನ್ನೇ ಕುರಿತು, ಎಲ್ಲ ಅನ್ಯಾಯಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಈ ಹತ್ಯಾಕಾಂಡದ ವೈಶಿಷ್ಟ್ಯ ಮಸುಕಾಗುತ್ತದೆಂದು ವಾದಿಸಿದರು. ಈ ವಾದದಲ್ಲಿ ಸತ್ಯವಿದೆ. ವಿವರಗಳನ್ನು ಬಿಟ್ಟು ಕೇವಲ ನೀತಿಯನ್ನು ಹೇಳಿದರೆ ಸತ್ತವರು ನಮ್ಮ ಪಾಠಕ್ಕೆ ದೃಷ್ಟಾಂತವಾಗಿ ಮಾತ್ರ ಉಳಿಯುತ್ತಾರೆ. ಆದರೆ ಕೇವಲ ವಿವರಗಳನ್ನು ಒಪ್ಪಿಸಿದರೆ ಅದು ಬೇರೆ ಯಾರಿಗೋ ಬೇರೆಲ್ಲೋ ಆದ ಸಂಗತಿಯಾಗಿ ದೂರ ಸರಿಯುತ್ತದೆ. ಮೆಂಫಿಸಿನ ತರಗತಿಯಲ್ಲಿ ಸ್ಟ್ರಾಮ್ ಕಂಡದ್ದು ಈ ಎರಡನೆಯ ಅಪಾಯವನ್ನು. ಲಿಪ್‌ಸ್ಟಾಟ್ ಎಚ್ಚರಿಸಿದ್ದು ಮೊದಲನೆಯದರ ಬಗ್ಗೆ. ಇತಿಹಾಸದ ಶಿಕ್ಷಕರು ಇವೆರಡನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಸ್ಟ್ರಾಮ್ ಅವರು 2014ರವರೆಗೆ ಸಂಸ್ಥೆಯನ್ನು ಮುನ್ನಡೆಸಿ, 2023ರಲ್ಲಿ ನಿಧನರಾದರು. ಅವರ ಆಕರಗ್ರಂಥ 1994ರಲ್ಲಿಯೂ 2017ರಲ್ಲಿಯೂ ಪರಿಷ್ಕಾರಗೊಂಡಿತು. ಕಷ್ಟದ ಇತಿಹಾಸವನ್ನು ಮಕ್ಕಳಿಂದ ಮರೆಮಾಡುವುದು ಅವರನ್ನು ರಕ್ಷಿಸಿದಂತಲ್ಲ ಎಂಬುದು ಅವರ ವೃತ್ತಿಜೀವನದಿಂದ ನಾವು ಗ್ರಹಿಸಬಹುದಾದ ಮುಖ್ಯ ವಿಚಾರ. ಅದನ್ನು ಪ್ರಾಮಾಣಿಕವಾದ ವಿವರಗಳೊಂದಿಗೆ, ಮಕ್ಕಳ ವಿವೇಚನೆಯಲ್ಲಿ ವಿಶ್ವಾಸವಿಟ್ಟು ಅವರ ಮುಂದಿಡುವುದು ಶಿಕ್ಷಕನ ಹೊಣೆ. ಆ ಹೊಣೆಯಿಂದ ತಪ್ಪಿಸಿಕೊಳ್ಳುವ ಶಿಕ್ಷಕನೂ ತಟಸ್ಥರ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ.