ಬೆಂಗಳೂರಿನ ವಿದ್ಯುತ್ ಪೂರೈಕೆ: ನಡೆದು ಬಂದ ದಾರಿ ಮತ್ತು ಉದ್ಯಮಿಗಳ ಹಕ್ಕು

ವಿದ್ಯುತ್ ಬಿಲ್ಲು ಕೈಸೇರಿದೊಡನೆ ಬಹುತೇಕ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ನೋಡುವುದು ಒಟ್ಟು ಮೊತ್ತವನ್ನು ಮತ್ತು ಪಾವತಿಯ ಕಡೆಯ ದಿನಾಂಕವನ್ನು ಮಾತ್ರ. ನಿಗದಿತ ಶುಲ್ಕ, ಬಳಕೆ ಶುಲ್ಕ, ಇಂಧನ ವೆಚ್ಚ ಹೊಂದಾಣಿಕೆ, ವಿದ್ಯುತ್ ತೆರಿಗೆ ಎಂಬ ಬಾಬುಗಳು ಹೇಗೆ ಬಂದವು, ಅವುಗಳನ್ನು ಪ್ರಶ್ನಿಸುವ ಅವಕಾಶ ಎಲ್ಲಿದೆ ಎಂಬುದನ್ನು ಅರಿಯಬೇಕಾದರೆ ನಗರದ ವಿದ್ಯುತ್ ಪೂರೈಕೆಯ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವನ್ನು ಅವಲೋಕಿಸುವುದು ಅಗತ್ಯ.

ಖಚಿತ ಗ್ರಾಹಕನಿಂದ ಆರಂಭ

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರ ಯೋಜನೆಯ ಮೊದಲ ಉದ್ದೇಶ ಬೆಂಗಳೂರಿಗೆ ಬೆಳಕು ನೀಡುವುದಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಮಾರುವುದೇ ಅದರ ಉದ್ದೇಶವಾಗಿತ್ತು. ಗಣಿಗಳ ಆಡಳಿತ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಡನೆ ದೀರ್ಘಾವಧಿಯ ಒಪ್ಪಂದವಾದ ನಂತರವೇ ಸಂಸ್ಥಾನವು ಬಂಡವಾಳ ತೊಡಗಿಸಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ಉದ್ದದ ಮಾರ್ಗದ ಮೂಲಕ ಗಣಿಗಳಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರು ನಗರದ ಬೀದಿಗಳಲ್ಲಿ ವಿದ್ಯುತ್ ದೀಪಗಳು ಬೆಳಗಿದ್ದು 1905ರ ಆಗಸ್ಟ್‌ನಲ್ಲಿ.

ಇಲ್ಲಿ ಗಮನಿಸಬೇಕಾದ ವಾಣಿಜ್ಯ ತತ್ತ್ವವೊಂದಿದೆ. ಯಂತ್ರ ಸ್ಥಾವರಕ್ಕೆ ಹೂಡಿದ ಬಂಡವಾಳದ ವೆಚ್ಚವು ವಿದ್ಯುತ್ ಬಳಕೆಯಾಗಲಿ ಬಿಡಲಿ ಬರುತ್ತಲೇ ಇರುತ್ತದೆ. ಆದುದರಿಂದ ಖಚಿತ ಬೇಡಿಕೆಯ ಗ್ರಾಹಕ ಬೇಕು. ಇಂದು ಕಾರ್ಖಾನೆ ಮುಚ್ಚಿದ ತಿಂಗಳಲ್ಲಿಯೂ ನಿಗದಿತ ಶುಲ್ಕ ಬರುವುದರ ಹಿಂದೆ ಇರುವುದು ಇದೇ ತತ್ತ್ವ.

ಗಣಿಗಳಿಗೆ ವರ್ಷವಿಡೀ ವಿದ್ಯುತ್ ಬೇಕಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗುತ್ತಿತ್ತು. ಮುಖ್ಯ ಇಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರಕ್ಕೆ ನೀರಾವರಿಯ ಜೊತೆಗೆ ಶಿವನಸಮುದ್ರದ ಉತ್ಪಾದನೆಯನ್ನು ಸ್ಥಿರಗೊಳಿಸುವ ಹೊಣೆಯೂ ಇತ್ತು.

ಇಲಾಖೆಯಿಂದ ಮಂಡಳಿಗೆ

ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಬೃಹತ್ ಉದ್ಯಮಗಳು 1940ರಿಂದ 1950ರ ದಶಕದವರೆಗೆ ಸ್ಥಾಪನೆಗೊಂಡು, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳೂ ಬೆಳೆದುದರಿಂದ ನಗರದ ಬೇಡಿಕೆ ಏರುತ್ತಾ ಹೋಯಿತು. ಸಂಸ್ಥಾನದ ವಿದ್ಯುತ್ ಇಲಾಖೆಯ ಹೊಣೆಯು 1957ರ ಅಕ್ಟೋಬರ್ 1ರಂದು ವಿದ್ಯುಚ್ಛಕ್ತಿ ಮಂಡಳಿಗೆ ವರ್ಗವಾಯಿತು. ಇದೇ ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಕೆ.ಇ.ಬಿ. ಎನಿಸಿತು. 1970ರಲ್ಲಿ ಉತ್ಪಾದನೆಗೆಂದು ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ರಾಜ್ಯವು ಬಹುಪಾಲು ಜಲವಿದ್ಯುತ್ತನ್ನೇ ನೆಚ್ಚಿಕೊಂಡಿದ್ದುದರಿಂದ ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ಕಡಿತ ತಪ್ಪುತ್ತಿರಲಿಲ್ಲ. ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಕಾರ್ಯಾರಂಭ ಮಾಡಿದ್ದು 1985ರಲ್ಲಿ.

ಮಂಡಳಿಯಿಂದ ಕಂಪನಿಗೆ

1999ರ ಸುಧಾರಣಾ ಕಾಯಿದೆಯು ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಮೊದಲನೆಯದಾಗಿ, ಮಂಡಳಿಯ ಸ್ಥಾನದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರ ಜೂನ್ 1ರಿಂದ ವಿತರಣೆಯ ಹೊಣೆಯನ್ನು ಪ್ರತ್ಯೇಕ ಕಂಪನಿಗಳು ವಹಿಸಿಕೊಂಡವು. ಇಂದು ಬೆಂಗಳೂರೂ ಸೇರಿದಂತೆ ಎಂಟು ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯಲ್ಲಿವೆ. ಎರಡನೆಯದಾಗಿ, ದರ ನಿಗದಿಯ ಅಧಿಕಾರವು ವಿದ್ಯುತ್ ನಿಯಂತ್ರಣ ಆಯೋಗದ ಕೈಸೇರಿತು. 2003ರ ಕೇಂದ್ರ ವಿದ್ಯುಚ್ಛಕ್ತಿ ಕಾಯಿದೆಯು ಇದನ್ನು ಮತ್ತಷ್ಟು ಬಲಪಡಿಸಿತು.

ಉದ್ಯಮಿಗಳ ದೃಷ್ಟಿಯಿಂದ ಎರಡನೆಯ ಬದಲಾವಣೆಯೇ ಮಹತ್ವದ್ದು. ಕಂಪನಿಯು ವಿದ್ಯುತ್ ಖರೀದಿ, ಪ್ರಸರಣ, ಸಿಬ್ಬಂದಿ, ಬಡ್ಡಿ, ಸವಕಳಿ ಮುಂತಾದ ವೆಚ್ಚಗಳ ಅಂದಾಜನ್ನು ಆಯೋಗದ ಮುಂದಿಡಬೇಕು. ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆಯೋಗವು ಆದೇಶ ಹೊರಡಿಸಬೇಕು. ಅಂದಾಜಿಗೂ ವಾಸ್ತವ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ಮುಂದಿನ ದರಗಳಲ್ಲಿ ಸರಿಹೊಂದಿಸಲಾಗುತ್ತದೆ. ಹಿಂದಿನ ವರ್ಷದ ವೆಚ್ಚದಲ್ಲಿ ಆಯೋಗ ಒಪ್ಪಿದ ಒಂದೊಂದು ಕೋಟಿಯೂ ಕೊನೆಗೆ ಗ್ರಾಹಕನ ಬಿಲ್ಲಿಗೇ ಬರುತ್ತದೆ.

ಒಂದು ವರ್ಗದ ಗ್ರಾಹಕರಿಂದ ಪೂರೈಕೆ ವೆಚ್ಚಕ್ಕಿಂತ ಹೆಚ್ಚು ಪಡೆದು ಮತ್ತೊಂದು ವರ್ಗದ ಹೊರೆ ಇಳಿಸುವ ಅಡ್ಡ ಸಹಾಯಧನವನ್ನು ಹಂತಹಂತವಾಗಿ ತಗ್ಗಿಸಬೇಕೆಂಬುದು ಕಾಯಿದೆಯ ಆಶಯ. ಸರ್ಕಾರವು ಯಾವುದೇ ವರ್ಗಕ್ಕೆ ರಿಯಾಯಿತಿ ನೀಡಬಯಸಿದರೆ ಆ ಮೊತ್ತವನ್ನು ಮುಂಗಡವಾಗಿ ಪಾವತಿಸಬೇಕೆಂದು 65ನೇ ಕಲಮು ಹೇಳುತ್ತದೆ. ಕೃಷಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ ಇರಲಿ, 2023ರಲ್ಲಿ ಜಾರಿಯಾದ ಗೃಹಜ್ಯೋತಿ ಇರಲಿ, ಯೋಜನೆಯ ಒಳಿತು ಕೆಡುಕು ಬೇರೆ ವಿಚಾರ. ಸಹಾಯಧನ ಕಾಲಕ್ಕೆ ಸರಿಯಾಗಿ ಸಂದಾಯವಾಯಿತೇ ಎಂಬುದು ಮಾತ್ರ ಪ್ರತಿಯೊಬ್ಬ ಗ್ರಾಹಕನಿಗೂ ಸಂಬಂಧಿಸಿದ ಪ್ರಶ್ನೆ. ತಡವಾದಾಗ ಕಂಪನಿ ಸಾಲ ಮಾಡಬೇಕಾಗುತ್ತದೆ, ಸಾಲಕ್ಕೆ ಬಡ್ಡಿ ಬೆಳೆಯುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

1. ದರ ಪರಿಷ್ಕರಣೆಯ ಪ್ರಕಟಣೆ ಹೊರಬಿದ್ದಾಗ ಅದರಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಬರಿಯ ವಿರೋಧಕ್ಕಿಂತ, ಯಾವ ವೆಚ್ಚ ಏಕೆ ಒಪ್ಪತಕ್ಕದ್ದಲ್ಲ ಎಂಬ ಅಂಕಿ-ಅಂಶಸಹಿತ ವಾದಕ್ಕೆ ತೂಕ ಹೆಚ್ಚು.

2. ಭದ್ರತಾ ಠೇವಣಿಯ ಮೇಲೆ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿ ನೀಡಬೇಕೆಂದು 47ನೇ ಕಲಮು ವಿಧಿಸುತ್ತದೆ. ಅದು ಬಿಲ್ಲಿನಲ್ಲಿ ಜಮೆಯಾಗಿದೆಯೇ, ಲೆಕ್ಕಪುಸ್ತಕದಲ್ಲಿ ಆದಾಯವಾಗಿ ದಾಖಲಾಗಿದೆಯೇ ಎಂಬುದನ್ನು ವರ್ಷಾಂತ್ಯದಲ್ಲಿ ಪರಿಶೀಲಿಸಬೇಕು.

3. ಬಾಕಿಯೆಂದು ಸತತವಾಗಿ ತೋರಿಸದ ಮೊತ್ತವನ್ನು, ಅದು ಮೊದಲು ಸಂದಾಯವಾಗಬೇಕಾದ ದಿನದಿಂದ ಎರಡು ವರ್ಷಗಳ ನಂತರ ವಸೂಲು ಮಾಡಲು 56ನೇ ಕಲಮು ಅವಕಾಶ ನೀಡುವುದಿಲ್ಲ. ಆದರೆ ಲೆಕ್ಕದ ತಪ್ಪಿನಿಂದ ಬಿಟ್ಟುಹೋದ ಮೊತ್ತಕ್ಕೆ ನಂತರವೂ ಪೂರಕ ಬಿಲ್ಲು ನೀಡಬಹುದು, ಅದಕ್ಕಾಗಿ ಸಂಪರ್ಕ ಕಡಿತಗೊಳಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಹಳೆಯ ಬಿಲ್ಲುಗಳನ್ನು ಜೋಪಾನವಾಗಿಡುವುದು ಇದಕ್ಕಾಗಿಯೇ.

4. ಬಿಲ್ಲಿನ ತಕರಾರು ಕಚೇರಿಯಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಯೂ ತೃಪ್ತಿಯಾಗದಿದ್ದರೆ ಓಂಬುಡ್ಸ್‌ಮನ್‌ಗೂ ಮೊರೆ ಹೋಗಬಹುದು.

1902ರಲ್ಲಿ ಗಣಿ ಕಂಪನಿಯು ಮಾರಾಟಗಾರನ ಎದುರು ಕುಳಿತು ದರ ಚೌಕಾಸಿ ಮಾಡಬಲ್ಲಷ್ಟು ದೊಡ್ಡ ಗ್ರಾಹಕನಾಗಿತ್ತು. ಹತ್ತು ಅಶ್ವಶಕ್ತಿಯ ಮೋಟಾರು ನಡೆಸುವ ಸಣ್ಣ ಉದ್ಯಮಿಗೆ ಆ ಬಲವಿಲ್ಲ. ಅವನಿಗೆ ಕಾಯಿದೆ ಕೊಟ್ಟಿರುವ ಚೌಕಾಸಿಯ ಸ್ಥಳವೆಂದರೆ ಆಯೋಗದ ಸಾರ್ವಜನಿಕ ವಿಚಾರಣೆ. ಅಲ್ಲಿ ಒಬ್ಬೊಬ್ಬರಾಗಿ ದನಿಯೆತ್ತುವುದಕ್ಕಿಂತ, ಸದಸ್ಯರು ತಮ್ಮ ತಮ್ಮ ಘಟಕಗಳ ಬಳಕೆ ಹಾಗೂ ವೆಚ್ಚದ ವಿವರಗಳನ್ನು ಒಟ್ಟುಗೂಡಿಸಿ ತಮ್ಮ ವಾಣಿಜ್ಯ ಸಂಸ್ಥೆಯ ಮೂಲಕ ಮಂಡಿಸಿದರೆ ಆ ಅವಕಾಶ ಸಾರ್ಥಕವಾದೀತು.